ಹಾಜರಿ ಪುಸ್ತಕದಲ್ಲಿ ಚಂದ್ರ

ಗದಗಿನವಳು ನಾನು. ನೀರೆಂದರೆ
ಎಂಟು ದಿನಕ್ಕೊಮ್ಮೆ ನಲ್ಲಿಗೆ ಬರುವುದು,
ಬಂದಾಗ ಕೊಡಗಳ ಸಪ್ಪಳಕ್ಕೆ ಓಣಿಯೇ ಏಳುವುದು.
ದಿನಕ್ಕೆರಡು ಸಲ ತಾನಾಗಿ ಬಂದು
ತಾನಾಗಿ ಹಿಂದೆ ಹೋಗುವ ನೀರನ್ನು
ಮೂವತ್ತೇಳರಲ್ಲಿ, ವರ್ಗದ ಆದೇಶ ಹಿಡಿದು
ಕುಮಟೆಯಲ್ಲಿ ಬಸ್ಸಿಳಿದ ಮೇಲೆಯೇ ನೋಡಿದ್ದು.

ಅಘನಾಶಿನಿ ದಂಡೆಯ ಶಾಲೆ. ಏಳನೆಯ ತರಗತಿ.
ಹತ್ತೊಂಬತ್ತು ಮಕ್ಕಳು, ಒಂದು ಗ್ಲೋಬು.
ಅದರಲ್ಲಿ ಅರಬ್ಬೀ ಸಮುದ್ರದ ಅಂಚು ಸವೆದು ಬಿಳಿಯಾಗಿದೆ,
ಎಲ್ಲರೂ ಅಲ್ಲೇ ಬೆರಳಿಟ್ಟು ‘ನಮ್ಮೂರು’ ಅಂದದ್ದಕ್ಕೆ.

ಮಾದೇವಿ ಅಂಬಿಗ, ಹಾಜರಿ ಸಂಖ್ಯೆ ಹನ್ನೊಂದು.
ಒಂದು ವಾರ ಎಲ್ಲರಿಗಿಂತ ಮೊದಲು ಬಂದು ಗಂಟೆ ಹೊಡೆಯುವವಳು
ಮುಂದಿನ ವಾರ ತಡ. ಮರುದಿನ ಇನ್ನೂ ತಡ.
ಮೂರನೆಯ ದಿನ ಬರುವುದೇ ಇಲ್ಲ.
ಬಂದಾಗ ಉಗುರಿನ ಸಂದಿಯಲ್ಲಿ ಕರಿ ಕೆಸರು,
ಲಂಗದ ಅಂಚು ಒದ್ದೆ, ಬಾಯಲ್ಲಿ ಒಂದೇ ಮಾತು:
“ನೀರು ಇಳದಿತ್ತು ಅಕ್ಕೋರೆ.”

ಸೋಮಾರಿತನಕ್ಕೆ ಎಷ್ಟು ಹೆಸರಪ್ಪ ಎಂದುಕೊಂಡೆ.
ಬೈದೆ. ಒಮ್ಮೆ ಬಾಗಿಲಲ್ಲೇ ನಿಲ್ಲಿಸಿದೆ,
ಅರ್ಧ ಪಾಠ ಮುಗಿಯುವ ತನಕ.
ಪಾಠ ಯಾವುದು? ಹೇಳಲು ನಾಚಿಕೆ:
ಉಬ್ಬರವಿಳಿತ.
ಬೋರ್ಡಿನ ಮೇಲೆ ಭೂಮಿ, ಚಂದ್ರ, ನಡುವೆ ಬಾಣದ ಗುರುತು.
ಹೊಸ್ತಿಲಾಚೆ ಹುಡುಗಿ,
ಲಂಗದಿಂದ ನೀರು ತೊಟ್ಟಿಕ್ಕುತ್ತ.

ಡಿಸೆಂಬರ್ ಕೊನೆಗೆ ಸರಾಸರಿ ಹಾಕಲು ಕೂತೆ.
ಅವಳ ಸಾಲಿನಲ್ಲಿ ಕೆಂಪು ಚುಕ್ಕೆಗಳು
ಎರಡು ಮೂರು ಗುಂಪಾಗಿ, ಆಮೇಲೆ ಹನ್ನೆರಡು ದಿನ ಬಿಟ್ಟು,
ಮತ್ತೆ ಗುಂಪಾಗಿ, ಮತ್ತೆ ಬಿಟ್ಟು.
ಜ್ವರ ಹೀಗೆ ಬರುವುದಿಲ್ಲ. ಸೋಮಾರಿತನಕ್ಕಂತೂ
ಇಷ್ಟು ಶಿಸ್ತು ಇರುವುದೇ ಇಲ್ಲ.
ಗೋಡೆಯ ಕ್ಯಾಲೆಂಡರ್ ಇಳಿಸಿ ಪಕ್ಕಕ್ಕಿಟ್ಟೆ,
ಸೊಸೈಟಿಯವರು ಕೊಟ್ಟದ್ದು, ತಿಥಿ ಇರುವಂಥದು.
ಅಮಾವಾಸ್ಯೆ, ಹಾಜರು. ಬಿದಿಗೆ, ಹಾಜರು.
ಚೌತಿ, ತಡ. ಪಂಚಮಿ ಗೈರು. ಷಷ್ಠಿ ಗೈರು.
ಅಷ್ಟಮಿಗೆ ಮತ್ತೆ ಗಂಟೆಯ ಹಗ್ಗಕ್ಕೆ ಅವಳೇ ಮೊದಲು.
ಹುಣ್ಣಿಮೆ ಕಳೆದರೆ ಪುನಃ ಅದೇ ಕತೆ.
ದಸರಾ ರಜೆ ಮುಗಿದಂದಿನಿಂದ ದಿನಾ, ನನ್ನ ಕೈಯಾರೆ,
ನನಗೇ ಗೊತ್ತಿಲ್ಲದೆ
ಕೆಂಪು ಶಾಯಿಯಲ್ಲಿ ಚಂದ್ರನನ್ನು ಬರೆದಿದ್ದೆ.

ಅವಳ ಅಜ್ಜಿಯನ್ನು ಕೇಳಿದೆ, ಬಳಚಿನ ಬುಟ್ಟಿಯ ಹಿಂದೆ ಕೂತಿದ್ದಳು.
“ದಿನಕ್ಕೆ ಎರಡು ಗಳಿಗೆ ಹಿಂದೆ ಬೀಳ್ತದೆ ಇಳಿತ.
ಪಂಚಮಿಗೆ ಅದು ನಿಮ್ಮ ಶಾಲೆ ಹೊತ್ತಿಗೇ ಬಂದ್ರೆ
ನಾವೇನ್ ಮಾಡೂದು?
ಅಷ್ಟಮಿಗೆ ನೀರೇ ಸೋಮಾರಿ, ಪೂರ್ತಿ ಇಳಿಯೂದಿಲ್ಲ.
ಆಗ ಕಳಸ್ತೇವಲ್ಲ.”

ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಎರಡಕ್ಕೆ ನಲವತ್ತೆಂಟು.
ಪುಸ್ತಕದಲ್ಲಿ ಐವತ್ತು.
ಉಳಿದೆರಡು ನಿಮಿಷ ಎಲ್ಲಿ ಹೋಯಿತು, ಮರುದಿನ ಕೇಳಿದೆ.
ಹದಿನೆಂಟು ತಲೆ ಲೆಕ್ಕಕ್ಕೆ ಬಗ್ಗಿದವು.
ಮಾದೇವಿ ಬಗ್ಗಲಿಲ್ಲ:
“ಬುಟ್ಟಿ ತಲೆಗೆ ಎತ್ಕೊಳ್ಳೂಕೆ ಬೇಕಲ್ಲ, ಅಕ್ಕೋರೆ.”

ಗೈರಿಗೆ ಕಾರಣ ಎಂಬ ಅಂಕಣದಲ್ಲಿ
ಪೆನ್ಸಿಲು ತೆಗೆದು ‘ಚಂದ್ರ’ ಎಂದು ಬರೆದೆ.
ತಪಾಸಣೆಗೆ ಸಾಹೇಬರು ಬರುವ ಸುದ್ದಿ ಬಂತು, ಅಳಿಸಿದೆ.
ಸರಿಯಾಗಿ ಹೋಗಿಲ್ಲ.
ಮೇಲೆ ಬರೆದ ‘ಅನಾರೋಗ್ಯ’ದ ಅಡಿಯಲ್ಲಿ ಇನ್ನೂ ಇದೆ,
ಹಗಲು ಹೊತ್ತಿನ ಚಂದ್ರನಷ್ಟು ಮಸುಕಾಗಿ.

ಮಾಘದ ಪಂಚಮಿ, ತರಗತಿಯನ್ನೇ ಕೆಸರಿಗಿಳಿಸಿದೆ.
ಕಣ್ಣಲ್ಲಲ್ಲ, ಹೆಬ್ಬೆರಳಲ್ಲಿ ಹುಡುಕಬೇಕು ಬಳಚು
ಎಂದು ಹೇಳಿಕೊಟ್ಟಳು ಹನ್ನೊಂದನೆಯ ಸಂಖ್ಯೆ.
ನನಗೆ ಸಿಕ್ಕದ್ದು ಮೂರು, ಅದರಲ್ಲೊಂದು ಬರೀ ಚಿಪ್ಪು.
ಗುರುತ್ವಾಕರ್ಷಣೆ ಎಂಬ ಪದವನ್ನು
ಹದಿನಾಲ್ಕು ವರ್ಷ ಮಕ್ಕಳಿಂದ ಬರೆಸಿದ್ದೇನೆ,
ಒತ್ತಕ್ಷರ ತಪ್ಪಿದರೆ ಹತ್ತು ಸಲ.
ಅದು ತಣ್ಣಗೆ ಕಣಕಾಲಿಗೆ ಸುತ್ತಿಕೊಂಡದ್ದು ಅವತ್ತೇ.

“ನಡೀರಿ ಅಕ್ಕೋರೆ, ಭರತಿ ಶುರುವಾಯ್ತು.”
ತಲೆಯೆತ್ತಿದೆ. ಬಿಸಿಲು. ಚಂದ್ರ ಎಲ್ಲೂ ಕಾಣಲಿಲ್ಲ.
“ಮೇಲೆ ಎಂತಕ್ಕೆ ನೋಡ್ತೀರಿ,” ಅಂದಳು,
“ಕಾಲು ನೋಡಿ.”